ಪೈಪ್ ಬಿಸಿಯಾದ ಮೇಲೆ ಬದಲಾಗುವ ಲೆಕ್ಕ

ಸ್ನೋಮೊಬೈಲಿಗೆ ಕಂಪನಿ ಕೊಟ್ಟ ಹೊಗೆಪೈಪ್ ಕಳಚಿ ಹೊರಗಿನ ಪೈಪ್ ಹಾಕಿಸಿಕೊಂಡವರ ದೂರು ಸಾಮಾನ್ಯವಾಗಿ ಎರಡು ಬಗೆ. ಸದ್ದು ಹೆಚ್ಚಾಯಿತು, ಓಟ ಹೆಚ್ಚಲಿಲ್ಲ ಎನ್ನುವುದು ಒಂದು. ಓಟವೇನೋ ಬಂತು, ಆದರೆ ಹೆಪ್ಪುಗಟ್ಟಿದ ಸರೋವರದ ನಟ್ಟನಡುವೆ ಪಿಸ್ಟನ್ ಸುಟ್ಟು ಗಾಡಿ ನಿಂತುಬಿಟ್ಟಿತು ಎನ್ನುವುದು ಇನ್ನೊಂದು. ಮೊದಲನೆಯವರು ಕ್ಲಚ್ ಬಿಚ್ಚುತ್ತಾರೆ, ಎರಡನೆಯವರು ಕಾರ್ಬುರೇಟರ್ ಬಿಚ್ಚುತ್ತಾರೆ. ಇಬ್ಬರೂ ಒಂದೇ ಕಾಯಿಲೆಗೆ ಬೇರೆ ಬೇರೆ ಮದ್ದು ಹುಡುಕುತ್ತಿದ್ದಾರೆ ಎನ್ನುವುದು ನನ್ನ ವಾದ. ಪೈಪ್, ಕಾರ್ಬುರೇಟರಿನಲ್ಲಿ ಪೆಟ್ರೋಲು ಅಳೆಯುವ ಜೆಟ್, ಕ್ಲಚ್ ಈ ಮೂರೂ ಒಂದಕ್ಕೊಂದು ಕಟ್ಟುಬಿದ್ದಿವೆ. ಅವುಗಳನ್ನು ಕಟ್ಟಿಹಾಕಿರುವುದು ಪೈಪಿನೊಳಗಿನ ಬಿಸಿ. ಆ ಬಿಸಿಯನ್ನು ಲೆಕ್ಕಕ್ಕೆ ಹಿಡಿಯದೆ ಒಂದನ್ನು ಮಾತ್ರ ತಿದ್ದಲು ಹೊರಟರೆ ಚಳಿಗಾಲ ಪೂರ್ತಿ ಸ್ಪ್ಯಾನರ್ ಹಿಡಿದೇ ಕಳೆಯಬೇಕಾಗುತ್ತದೆ.

ಹಿಮದ ಮೇಲೆ ಓಡುವ ಈ ಗಾಡಿಯ ಮುಂದೆ ಎರಡು ಹಿಮಪಟ್ಟಿಗಳು, ಹಿಂದೆ ಒಂದು ಅಗಲವಾದ ರಬ್ಬರ್ ಟ್ರ್ಯಾಕ್. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೂರ್ ಎಂಬ ಊರಿನ ಜೋಸೆಫ್ ಅರ್ಮಾಂಡ್ ಬಾಂಬಾರ್ಡಿಯರ್ ಇದರ ಹಿಂದಿನ ಮುಖ್ಯ ಹೆಸರು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಕಾಯಿಲೆ ಬಿದ್ದ. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲು ಗಾಡಿಯಿಲ್ಲದೆ ಆ ಮಗು ತೀರಿಕೊಂಡಿತು. ಹಿಮದ ಗಾಡಿಯ ಟ್ರ್ಯಾಕಿಗೆ ಬಾಂಬಾರ್ಡಿಯರ್ 1937ರಲ್ಲಿ ಪೇಟೆಂಟ್ ಪಡೆದ. ಒಬ್ಬಿಬ್ಬರು ಕೂರುವ ಹಗುರ ಸ್ಕೀ-ಡೂ ಬಂದದ್ದು 1959ರಲ್ಲಿ. ಅಮೆರಿಕದ ಮಿನೆಸೋಟ ರಾಜ್ಯದ ಉತ್ತರ ತುದಿಯಲ್ಲಿ, ರೋಸೋ ಎಂಬ ಸಣ್ಣ ಊರಿನಲ್ಲಿ ಪೊಲಾರಿಸ್ ಹುಟ್ಟಿತು. ಅಲ್ಲಿಂದ ದಕ್ಷಿಣಕ್ಕೆ ಥೀಫ್ ರಿವರ್ ಫಾಲ್ಸ್‌ನಲ್ಲಿ ಆರ್ಕ್ಟಿಕ್ ಕ್ಯಾಟ್ ಬೆಳೆಯಿತು. ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಆ ಸೀಮೆಯಲ್ಲಿ ಈ ಗಾಡಿ ಓಡಾಟಕ್ಕೂ ಬೇಕು, ಮೀನು ಹಿಡಿಯಲು ಹೋಗುವುದಕ್ಕೂ ಬೇಕು, ಪಂದ್ಯಕ್ಕೂ ಬೇಕು. ನಮ್ಮಲ್ಲಿ ಗುಲ್ಮಾರ್ಗ್‌ಗೆ ಹೋದ ಪ್ರವಾಸಿಗರು ಇದರ ಮೇಲೆ ಕೂತು ಒಂದು ಸುತ್ತು ಹೋಗಿ ಬರುತ್ತಾರೆ. ಸಿಯಾಚಿನ್ ಹಿಮನದಿಯ ಮೇಲೆ ನಮ್ಮ ಸೈನಿಕರಿಗೆ ಇದೇ ಸ್ನೋ ಸ್ಕೂಟರ್ ಸರಕು ಹೊರುವ ಗಾಡಿ.

ನಾನಿಲ್ಲಿ ಹೇಳುತ್ತಿರುವುದು ಕಾರ್ಬುರೇಟರ್ ಇರುವ ಟೂ ಸ್ಟ್ರೋಕ್ ಗಾಡಿಗಳ ಕಥೆ. ಪೊಲಾರಿಸ್ ಇಂಡಿ 500ರಂಥ, 488 ಸಿಸಿಯ ಎರಡು ಸಿಲಿಂಡರ್ ಗಾಡಿಗಳು ಇಂದಿಗೂ ಮಿನೆಸೋಟದ ಮನೆಗಳ ಗ್ಯಾರೇಜಿನಲ್ಲಿ ಜೀವಂತವಾಗಿವೆ. ಅವುಗಳಿಗೆ ಪೈಪ್ ಹಾಕುವ, ಜೆಟ್ ಬದಲಿಸುವ ಹುರುಪು ಇನ್ನೂ ಆರಿಲ್ಲ. ಆರ್‌ಎಕ್ಸ್ 100 ಬೈಕನ್ನು ಬಿಚ್ಚಿ ಜೋಡಿಸಿದ ನಮ್ಮ ಯಾವುದೇ ಮೆಕ್ಯಾನಿಕ್ ಆ ಗ್ಯಾರೇಜಿನೊಳಗೆ ಕಾಲಿಟ್ಟರೆ ಕಾರ್ಬುರೇಟರಿನ ಮಟ್ಟಿಗೆ ಅವನಿಗೆ ಹೊಸದೇನೂ ಕಾಣದು. ಅದೇ ಮಿಕುನಿ, ಅದೇ ದುಂಡು ಸ್ಲೈಡ್, ಅದೇ ನೀಡಲ್, ಅದೇ ಹಿತ್ತಾಳೆ ಜೆಟ್. ಬೈಕಿನದಕ್ಕಿಂತ ಬಾಯಿ ದೊಡ್ಡದು, ಒಂದರ ಬದಲು ಎರಡೋ ಮೂರೋ ಸಾಲಾಗಿ ಕೂತಿರುತ್ತವೆ, ಅಷ್ಟೆ.

ಮೊದಲು ಪೈಪ್. ಟೂ ಸ್ಟ್ರೋಕ್ ಇಂಜಿನ್ನಿನ ತಲೆಯ ಮೇಲೆ ವಾಲ್ವ್‌ಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ತೆರೆಯುತ್ತದೆ, ಮುಚ್ಚುತ್ತದೆ. ಹೊಗೆ ಹೊರಡುವ ಕಿಂಡಿ ಎಲ್ಲಕ್ಕಿಂತ ಮೊದಲು ತೆರೆದು ಎಲ್ಲಕ್ಕಿಂತ ಕೊನೆಗೆ ಮುಚ್ಚುತ್ತದೆ. ಹೊಸ ಪೆಟ್ರೋಲು-ಗಾಳಿ ಒಳಬರುವುದು ಅದರ ನಡುವಿನ ಅವಧಿಯಲ್ಲಿ. ಹಾಗಾಗಿ ಆಗಷ್ಟೇ ಒಳಬಂದ ಮಿಶ್ರಣದ ಒಂದು ಪಾಲು ಇನ್ನೂ ತೆರೆದಿರುವ ಹೊಗೆಕಿಂಡಿಯಿಂದ ಸುಡದೆಯೇ ಹೊರಗೆ ಜಾರುತ್ತದೆ. ದುಡ್ಡು ಕೊಟ್ಟು ತುಂಬಿಸಿದ ಪೆಟ್ರೋಲು ಹಾಗೇ ಗಾಳಿಪಾಲು.

ಇದನ್ನು ತಡೆಯುವುದು ಹೊಟ್ಟೆ ಉಬ್ಬಿದ ಆ ಪೈಪಿನ ಆಕಾರ. ಕಿಂಡಿ ತೆರೆದ ಕ್ಷಣ ಹೊಗೆಯ ಒತ್ತಡ ಒಂದು ಅಲೆಯಾಗಿ ಪೈಪಿನಲ್ಲಿ ಓಡುತ್ತದೆ. ಪೈಪ್ ಅಗಲವಾಗುತ್ತಾ ಹೋಗುವ ಭಾಗದಲ್ಲಿ ಆ ಅಲೆ ಹಿಂದಕ್ಕೆ ಸೆಳೆಯುವ ಅಲೆಯಾಗಿ ಮರಳುತ್ತದೆ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ, ಹೊಸ ಮಿಶ್ರಣವನ್ನೂ ಒಳಕ್ಕೆ ಸೆಳೆಯುತ್ತದೆ. ಮುಂದೆ ಪೈಪ್ ಮತ್ತೆ ಕಿರಿದಾಗುವ ಭಾಗಕ್ಕೆ ಬಡಿದ ಅಲೆ ಒತ್ತುವ ಅಲೆಯಾಗಿ ಹಿಂದಿರುಗುತ್ತದೆ. ಹೊರಗೆ ಜಾರಿದ್ದ ಹೊಸ ಮಿಶ್ರಣವನ್ನು, ಕಿಂಡಿ ಮುಚ್ಚುವುದಕ್ಕೆ ತುಸು ಮೊದಲು, ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಈ ವಿದ್ಯೆಯನ್ನು 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಹದಕ್ಕೆ ತಂದವನು ವಾಲ್ಟರ್ ಕಾಡೆನ್. ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ಪಂದ್ಯಕ್ಕೆ ಹೋದವನು ಹಿಂದಿರುಗದೆ ಪಶ್ಚಿಮಕ್ಕೆ ಪರಾರಿಯಾದ, ಆ ತಿಳಿವಳಿಕೆಯನ್ನು ಜಪಾನಿನ ಸುಜುಕಿಗೆ ಒಯ್ದ. ಮರುವರ್ಷವೇ ಸುಜುಕಿಯ ಮೇಲೆ 50 ಸಿಸಿ ವಿಭಾಗದ ವಿಶ್ವ ಪ್ರಶಸ್ತಿ ಗೆದ್ದ. ಮುಂದೆ ಅದೇ ಸುಜುಕಿಯ ಇಂಜಿನ್‌ಗಳು ದಶಕಗಳ ಕಾಲ ಆರ್ಕ್ಟಿಕ್ ಕ್ಯಾಟ್ ಸ್ನೋಮೊಬೈಲ್‌ಗಳಲ್ಲಿ ಕೂತವು. ಸಾಕ್ಸನಿಯ ಒಂದು ಬಡ ಕಾರ್ಖಾನೆಯಲ್ಲಿ ಕುದುರಿದ ಬುದ್ಧಿ ಮಿನೆಸೋಟದ ಹಿಮ ಸೇರಿದ ದಾರಿ ಇದು.

ಈ ಅಲೆಗಳ ಆಟದಲ್ಲಿ ಹೊತ್ತೇ ಸರ್ವಸ್ವ. ಉಯ್ಯಾಲೆ ಹಿಂದೆ ಬಂದು ಮುಂದಕ್ಕೆ ಹೊರಳುವ ಕ್ಷಣದಲ್ಲಿ ತಳ್ಳಿದರೆ ಜೋಕಾಲಿ ಏರುತ್ತದೆ, ಅರೆಕ್ಷಣ ಆಚೀಚೆ ತಳ್ಳಿದರೆ ತೂಗಾಟವೇ ಕೆಡುತ್ತದೆ. ಲೆಕ್ಕ ಹಾಕಿ ನೋಡೋಣ. ಇಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಹಿಡಿಯುವುದು ಸೆಕೆಂಡಿನ ಸಾವಿರದಲ್ಲಿ ಏಳೂವರೆ ಭಾಗ. ಅದರಲ್ಲಿ ಹೊಗೆಕಿಂಡಿ ತೆರೆದಿರುವುದು ಸುಮಾರು 190 ಡಿಗ್ರಿಯಷ್ಟು, ಎಂದರೆ ಸಾವಿರದ ನಾಲ್ಕು ಭಾಗ. ಅಷ್ಟರೊಳಗೆ ಅಲೆ ಹೋಗಿ ಬರಬೇಕು. ಹೊಗೆಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸರಿಸುಮಾರು 550 ಮೀಟರ್. ಪೈಪಿನ ಉದ್ದ ಮೀಟರಿನ ಆಸುಪಾಸಿನಲ್ಲೇ ಇರುವುದಕ್ಕೆ ಕಾರಣ ಇದೇ.

ಈಗ ಆ ಹೊಗೆ 500ರಿಂದ 600 ಡಿಗ್ರಿಗೆ ಏರಿತು ಎನ್ನಿ. ಪೈಪಿನ ಉದ್ದ ಬದಲಾಗಿಲ್ಲ, ಆಕಾರ ಬದಲಾಗಿಲ್ಲ. ಆದರೆ ಶಬ್ದದ ವೇಗ ಹೆಚ್ಚುಕಡಿಮೆ ನೂರಕ್ಕೆ ಆರರಷ್ಟು ಹೆಚ್ಚಾಯಿತು. ಅಲೆ ಬೇಗ ಹಿಂದಿರುಗುತ್ತದೆ. ಆ ಅಲೆಗೆ ಹೊಂದುವಂತೆ ಇಂಜಿನ್ನೂ ಬೇಗ ತಿರುಗಬೇಕು. 8,000 ಸುತ್ತಿನಲ್ಲಿ ಪೂರ್ತಿ ಶಕ್ತಿ ಕೊಡುತ್ತಿದ್ದ ಪೈಪ್ ಈಗ 8,500ರ ಹತ್ತಿರ ಕೊಡುತ್ತದೆ. ಒಳ್ಳೆಯ ರೇಸ್ ಪೈಪಿನ ಶಕ್ತಿಯ ಹರವು ಕೆಲವು ನೂರು ಸುತ್ತುಗಳಷ್ಟೇ ಅಗಲ ಇರುವಾಗ ಈ ಐನೂರು ಸುತ್ತಿನ ಜಿಗಿತ ಸಣ್ಣದಲ್ಲ. ಪೈಪಿನ ಮೇಲೆ ಕಂಪನಿಯವರು ಬರೆದುಕೊಡುವ ಆರ್‌ಪಿಎಂ ಒಂದು ಖಾಯಂ ಅಂಕಿಯಲ್ಲ, ಪೈಪ್ ಇಂತಿಷ್ಟು ಬಿಸಿಯಿದ್ದಾಗ ಮಾತ್ರ ಸತ್ಯವಾಗುವ ಅಂಕಿ. ಟ್ಯೂನಿಂಗಿನ ಅರ್ಧ ಗೊಂದಲ ಈ ಒಂದು ಸಂಗತಿ ಗೊತ್ತಿಲ್ಲದ್ದರಿಂದ ಹುಟ್ಟುತ್ತದೆ.

ಪೈಪಿನ ಬಿಸಿಯನ್ನು ನಿರ್ಧರಿಸುವುದರಲ್ಲಿ ಜೆಟ್ಟಿನ ಪಾಲು ದೊಡ್ಡದು. ಪೆಟ್ರೋಲು ಹೆಚ್ಚಾದರೆ, ಮೆಕ್ಯಾನಿಕ್ ಮಾತಿನಲ್ಲಿ ರಿಚ್ ಆದರೆ, ಉರಿ ತಂಪಾಗುತ್ತದೆ, ಪೈಪೂ ತಂಪಾಗುತ್ತದೆ. ಪೆಟ್ರೋಲು ಕಡಿಮೆಯಾಗಿ ಲೀನ್ ಆದರೆ ಪೈಪ್ ಕಾಯುತ್ತದೆ, ಗಾಡಿ ಚುರುಕಾಗುತ್ತದೆ. ಅಲ್ಲೇ ಅಪಾಯವೂ ಇರುವುದು. ಟೂ ಸ್ಟ್ರೋಕ್ ಇಂಜಿನ್ ಸಾಯುವ ಸ್ವಲ್ಪ ಮೊದಲು ಬಹಳ ಚೆನ್ನಾಗಿ ಓಡುತ್ತದೆ ಎಂದು ಹಳಬರು ಹೇಳುವುದು ಅನುಭವದ ಮಾತು.

ಮಿಕುನಿ ಕಾರ್ಬುರೇಟರಿನಲ್ಲಿ ಪೆಟ್ರೋಲು ಬರುವ ದಾರಿಗಳು ಹಲವು, ಪ್ರತಿಯೊಂದಕ್ಕೂ ಅದರದೇ ಹೊತ್ತು. ಆಕ್ಸಲರೇಟರ್ ಮುಚ್ಚಿದಲ್ಲಿಂದ ಕಾಲು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಜೊತೆಗೆ ಸ್ಲೈಡಿನ ಕೆಳ ಅಂಚನ್ನು ಎಷ್ಟು ಕತ್ತರಿಸಿದೆ ಎನ್ನುವುದು. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ ಮತ್ತು ಅದು ಇಳಿಬಿದ್ದಿರುವ ನೀಡಲ್ ಜೆಟ್. ಮುಕ್ಕಾಲಿನ ಆಚೆಗೆ ಮೇನ್ ಜೆಟ್. ನೀಡಲ್ ಮೇಲೆ ಕೊರೆದಿರುವ 6ಡಿಎಚ್4 ಎಂಬಂಥ ಗುರುತಿನಲ್ಲಿ ಮೊದಲ ಅಂಕಿ ಉದ್ದದ್ದು, ಮುಂದಿನ ಎರಡು ಅಕ್ಷರಗಳು ಮೇಲಿನ ಮತ್ತು ಕೆಳಗಿನ ಭಾಗ ಎಷ್ಟು ಚೂಪಾಗುತ್ತಾ ಹೋಗಿದೆ ಎನ್ನುವ ಕೋನದ್ದು. ಡಿ ಎಂದರೆ ಒಂದು ಡಿಗ್ರಿ, ಎಚ್ ಎಂದರೆ ಎರಡು. ನೀಡಲ್ ತಲೆಯ ಬಳಿ ಐದು ಗೀರುಗಳಿರುತ್ತವೆ. ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ನೀಡಲ್ ಮೇಲೇರುತ್ತದೆ, ಪೆಟ್ರೋಲು ಹೆಚ್ಚು ಬರುತ್ತದೆ.

ಪೈಪ್ ಹಾಕಿದವರು ಬದಲಿಸುವುದು ಸಾಮಾನ್ಯವಾಗಿ ಮೇನ್ ಜೆಟ್ ಒಂದನ್ನೇ. ಇದು ನನಗೆ ಒಪ್ಪಿಗೆಯಾಗದ ರೂಢಿ. ಕಾಡಿನ ದಾರಿಯಲ್ಲಿ ಗಂಟೆಗಟ್ಟಲೆ ಅರ್ಧ ಆಕ್ಸಲರೇಟರಿನಲ್ಲೇ ಓಡುವ ಗಾಡಿಗೆ ಮೇನ್ ಜೆಟ್ ಎಷ್ಟು ದೊಡ್ಡದಿದ್ದರೂ ಉಪಯೋಗವಿಲ್ಲ. ಅಲ್ಲಿ ಪೆಟ್ರೋಲು ಅಳೆಯುವುದು ನೀಡಲ್. ಹೊಸ ಪೈಪ್ ಮಧ್ಯದ ಸುತ್ತುಗಳಲ್ಲೂ ಹೆಚ್ಚು ಗಾಳಿ ಎಳೆಯುತ್ತಿದ್ದರೆ, ಮೇನ್ ಜೆಟ್ ದೊಡ್ಡದು ಹಾಕಿದ್ದೇನೆಂಬ ಧೈರ್ಯದಲ್ಲಿ ಹೊರಟವನ ಪಿಸ್ಟನ್ ಅರ್ಧ ಆಕ್ಸಲರೇಟರಿನಲ್ಲೇ ಹಿಡಿದುಕೊಳ್ಳುತ್ತದೆ. ಎರಡು ಮೂರು ಕಾರ್ಬುರೇಟರ್ ಇರುವ ಗಾಡಿಯಲ್ಲಂತೂ ಎಲ್ಲ ಸ್ಲೈಡುಗಳೂ ಒಟ್ಟಿಗೇ ಮೇಲೇಳುತ್ತಿವೆಯೇ ಎಂದು ಮೊದಲು ನೋಡಬೇಕು. ಒಂದು ಸ್ಲೈಡ್ ತಡವಾಗಿ ಎದ್ದರೂ ಒಂದು ಸಿಲಿಂಡರ್ ಇನ್ನೊಂದರ ಪಾಲಿನ ಭಾರವನ್ನು ಹೊರಬೇಕಾಗುತ್ತದೆ.

ಚಳಿ ಇನ್ನೊಂದು ಆಯಾಮ. ಗಾಳಿ ತಣ್ಣಗಾದಷ್ಟೂ ಒತ್ತಾಗುತ್ತದೆ. ಸೊನ್ನೆ ಡಿಗ್ರಿಯ ಗಾಳಿಗಿಂತ ಮೈನಸ್ 30ರ ಗಾಳಿ ನೂರಕ್ಕೆ ಹನ್ನೆರಡರಷ್ಟು ಭಾರ. ಅಷ್ಟೂ ಆಮ್ಲಜನಕ ಹೆಚ್ಚು, ಅಷ್ಟಕ್ಕೆ ತಕ್ಕ ಪೆಟ್ರೋಲೂ ಬೇಕು. ಒತ್ತಾದ ಗಾಳಿ ಕಾರ್ಬುರೇಟರಿನ ಬಾಯಲ್ಲಿ ಹೆಚ್ಚು ಸೆಳೆತ ಹುಟ್ಟಿಸುವುದರಿಂದ ಆ ಹೆಚ್ಚಳದ ಸುಮಾರು ಅರ್ಧ ತಾನಾಗಿಯೇ ಬರುತ್ತದೆ, ಉಳಿದರ್ಧವನ್ನು ದೊಡ್ಡ ಜೆಟ್ ಹಾಕಿ ತುಂಬಬೇಕು. ಸಿದ್ಧಾಂತದ ಲೆಕ್ಕದಲ್ಲಿ ಸೊನ್ನೆಯಲ್ಲಿ 350ರ ಜೆಟ್ ಸರಿಯಿದ್ದ ಗಾಡಿಗೆ ಮೈನಸ್ 30ರಲ್ಲಿ 370ರ ಸುತ್ತಿನದು ಬೇಕು. ಎತ್ತರಕ್ಕೆ ಹೋದರೆ ಇದರ ತಿರುಗುಮುರುಗು. ಸಮುದ್ರ ಮಟ್ಟಕ್ಕಿಂತ 3,000 ಮೀಟರ್ ಮೇಲೆ, ವಯೋಮಿಂಗ್ ರಾಜ್ಯದ ಟೊಗೋಟಿ ಪಾಸ್‌ನಂಥ ಕಡೆ, ಗಾಳಿ ಕಾಲು ಭಾಗದಷ್ಟು ತೆಳು. ಬಯಲಿನ ಜೆಟ್ಟಿನಲ್ಲಿ ಅಲ್ಲಿಗೆ ಹೋದ ಗಾಡಿ ಪೆಟ್ರೋಲಿನಲ್ಲಿ ಮುಳುಗಿ ಗುರುಗುಟ್ಟುತ್ತದೆ. ಇದಕ್ಕಾಗಿಯೇ ಕಾರ್ಖಾನೆಯವರು ಗಾಡಿಯ ಮುಸುಕಿನೊಳಗೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಒಂದು ಕಡೆ ಎತ್ತರ, ಇನ್ನೊಂದು ಕಡೆ ಉಷ್ಣತೆ, ಎರಡೂ ಸಂಧಿಸುವ ಮನೆಯಲ್ಲಿ ಜೆಟ್ಟಿನ ಸಂಖ್ಯೆ. ಹೊರಗಿನ ಪೈಪ್ ಹಾಕಿದ ದಿನವೇ ಆ ಪಟ್ಟಿಯ ಸಂಖ್ಯೆಗಳು ಸುಳ್ಳಾಗುತ್ತವೆ. ಆದರೆ ಅದರ ಏರಿಳಿತದ ಅನುಪಾತ ಸುಳ್ಳಾಗುವುದಿಲ್ಲ. ಹತ್ತು ಡಿಗ್ರಿಗೆ ಎಷ್ಟು ಜೆಟ್ ಏರಬೇಕು ಎನ್ನುವುದನ್ನು ಆ ಹಳೆಯ ಪಟ್ಟಿಯಿಂದಲೇ ಕಲಿಯಬಹುದು. ಹರಿದು ಬಿಸಾಡಬೇಡಿ ಎಂದು ನಾನು ಹೇಳುವುದು ಅದಕ್ಕೇ.

ಪೆಟ್ರೋಲಿನ ಬಗ್ಗೆ ಒಂದು ಮಾತು. ಅಮೆರಿಕದ ಬಂಕುಗಳಲ್ಲಿ ಸಿಗುವ ಹೆಚ್ಚಿನ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಎಥೆನಾಲ್. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ, ಆದ್ದರಿಂದ ಅದೇ ಜೆಟ್ಟಿನಲ್ಲಿ ಗಾಡಿ ತುಸು ಲೀನ್ ಆಗುತ್ತದೆ. ಶುದ್ಧ ಪೆಟ್ರೋಲಿಗೆ ಒಂದಕ್ಕೆ 14.7 ಪಾಲು ಗಾಳಿ ಸರಿಯಾದರೆ ಹತ್ತರ ಮಿಶ್ರಣಕ್ಕೆ 14.1 ಸಾಕು, ಇಪ್ಪತ್ತರ ಮಿಶ್ರಣಕ್ಕೆ 13.5ರ ಸುತ್ತ. ನಮ್ಮಲ್ಲಿ ಈಗ ಇಪ್ಪತ್ತರ ಮಿಶ್ರಣ. ಮೈಸೂರಿನಲ್ಲಿ ತಯಾರಾದ ಯೆಜ್ಡಿಯನ್ನೋ ಹಳೆಯ ಆರ್‌ಎಕ್ಸ್ ಅನ್ನೋ ಪ್ರೀತಿಯಿಂದ ಇಟ್ಟುಕೊಂಡವರು ಜೆಟ್ ಬದಲಿಸದೆ ಅದನ್ನೇ ತುಂಬಿಸುತ್ತಿದ್ದರೆ, ಪ್ಲಗ್ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಮಿನೆಸೋಟದವನ ಗಾಡಿಗೆ ಅನ್ವಯಿಸುವ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ.

ಪ್ಲಗ್ ನೋಡುವುದೆಂದರೆ ಮನೆಗೆ ಬಂದು ಬಿಚ್ಚಿ ನೋಡುವುದಲ್ಲ. ನಿಧಾನವಾಗಿ ಓಡಿಸಿಕೊಂಡು ಬಂದು ನಿಲ್ಲಿಸಿದರೆ ಪ್ಲಗ್ಗಿನ ಬಣ್ಣ ಹೇಳುವುದು ಆ ನಿಧಾನದ ಓಟದ ಕಥೆಯನ್ನು. ಪೂರ್ತಿ ಆಕ್ಸಲರೇಟರಿನಲ್ಲಿ ಒಂದಷ್ಟು ದೂರ ಎಳೆದು, ಹಾಗೇ ಇಂಜಿನ್ ನಿಲ್ಲಿಸುವ ಗುಂಡಿ ಒತ್ತಿ, ಅಲ್ಲೇ ಹಿಮದ ಮೇಲೆ ಪ್ಲಗ್ ಬಿಚ್ಚಬೇಕು. ಅದಕ್ಕೂ ಹೊಸ ಪ್ಲಗ್ ಬೇಕು. ಬಿಳಿ ಪಿಂಗಾಣಿಯ ಬುಡದಲ್ಲಿ ತೆಳುವಾದ ಕಂದು ಉಂಗುರ ಕಂಡರೆ ಸಮಾಧಾನ. ಪಿಂಗಾಣಿ ಬರೀ ಬಿಳಿಯಾಗಿ, ಮೇಲೆ ಕಣ್ಣಿಗೆ ಕಾಣುವಷ್ಟು ಬೂದು ಚುಕ್ಕೆಗಳಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಒಳಗೆ ಅಕಾಲದ ಸ್ಫೋಟ ನಡೆಯುತ್ತಿದೆ ಎಂದರ್ಥ. ಅಲ್ಲಿಂದ ಮುಂದೆ ಒಂದು ಮೀಟರನ್ನೂ ಓಡಿಸಬಾರದು. ಪ್ಲಗ್ ತೂತಿನೊಳಗೆ ಸಣ್ಣ ಟಾರ್ಚ್ ಬಿಟ್ಟು ಪಿಸ್ಟನ್ನಿನ ನೆತ್ತಿಯನ್ನೂ ನೋಡುತ್ತಾರೆ. ಹೊಸ ಮಿಶ್ರಣ ನುಗ್ಗುವ ಕಿಂಡಿಗಳ ಎದುರು ನೆತ್ತಿಯ ಅಂಚು ತೊಳೆದಂತೆ ಸ್ವಚ್ಛವಾಗಿರುತ್ತದೆ. ಆ ತೊಳೆದ ಜಾಗ ದೊಡ್ಡದಿದ್ದರೆ ರಿಚ್, ಕುಗ್ಗುತ್ತಾ ಬಂದರೆ ಲೀನ್. ನನಗೆ ಎಲ್ಲ ಮೀಟರುಗಳಿಗಿಂತ ಹೆಚ್ಚು ನಂಬಿಕೆ ಇದರ ಮೇಲೆ. ಹೊಗೆಯ ಬಿಸಿ ಅಳೆಯುವ ಮೀಟರು ಚೆನ್ನಾಗಿ ಓಡುತ್ತಿದ್ದ ದಿನಕ್ಕೂ ಇಂದಿಗೂ ಎಷ್ಟು ವ್ಯತ್ಯಾಸ ಎಂದು ಹೇಳಬಲ್ಲದು. ಇನ್ನೊಬ್ಬರ ಗಾಡಿಯ ಅಂಕಿಯನ್ನು ನಮ್ಮ ಗಾಡಿಗೆ ತಂದರೆ ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ಮೀಟರಿನ ತಂತಿಯನ್ನು ಎರಡು ಬೆರಳು ಆಚೆ ಕೂರಿಸಿದರೂ ಅಂಕಿ ಬೇರೆ.

ಇನ್ನು ಕ್ಲಚ್. ಸ್ನೋಮೊಬೈಲಿಗೆ ಗೇರ್ ಬದಲಿಸುವ ಕೆಲಸವಿಲ್ಲ. ಇಂಜಿನ್ನಿನ ಶಾಫ್ಟಿಗೆ ಒಂದು ಪುಲ್ಲಿ, ಟ್ರ್ಯಾಕ್ ತಿರುಗಿಸುವ ಕಡೆಗೆ ಇನ್ನೊಂದು, ನಡುವೆ ಅಗಲವಾದ ರಬ್ಬರ್ ಬೆಲ್ಟ್. ಎರಡೂ ಪುಲ್ಲಿಗಳ ಕೆನ್ನೆಗಳು ಹತ್ತಿರವಾಗುತ್ತವೆ, ದೂರವಾಗುತ್ತವೆ. ಅದಕ್ಕೆ ತಕ್ಕಂತೆ ಬೆಲ್ಟ್ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಕೋಲಾರದ ನರಸಾಪುರದ ಕಾರ್ಖಾನೆಯಿಂದ ಹೊರಬರುವ ಹೋಂಡಾ ಸ್ಕೂಟರಿನೊಳಗೂ ಇರುವುದು ಇದೇ ಏರ್ಪಾಡು. ಅಲ್ಲಿ ರೋಲರುಗಳು ಮಾಡುವ ಕೆಲಸವನ್ನು ಇಲ್ಲಿ, ಪೊಲಾರಿಸ್ ಮತ್ತು ಆರ್ಕ್ಟಿಕ್ ಕ್ಯಾಟ್ ಗಾಡಿಗಳಲ್ಲಿ, ಮೂರು ಬಾಗಿದ ತೂಕಗಳು ಮಾಡುತ್ತವೆ. ವೇಗ ಹೆಚ್ಚಿದಂತೆ ತೂಕಗಳು ಹೊರಕ್ಕೆ ಸಿಡಿಯುತ್ತವೆ, ಪುಲ್ಲಿಯ ಕೆನ್ನೆಯನ್ನು ಒತ್ತುತ್ತವೆ, ಒಳಗಿನ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಈ ಒತ್ತು-ತಡೆಗಳ ಜಗಳ ಎಲ್ಲಿ ಸಮವಾಗುತ್ತದೋ ಅಲ್ಲಿ ಇಂಜಿನ್ನಿನ ಸುತ್ತು ನಿಲ್ಲುತ್ತದೆ.

ಪೂರ್ತಿ ಆಕ್ಸಲರೇಟರ್ ಕೊಟ್ಟ ಕ್ಷಣದಿಂದ ಗಾಡಿ ತನ್ನ ಕೊನೆಯ ವೇಗ ಮುಟ್ಟುವವರೆಗೂ ಟ್ಯಾಕೋಮೀಟರ್ ಮುಳ್ಳು ಪೈಪಿನ ಶಕ್ತಿಯ ತುದಿಯಲ್ಲೇ ಅಲುಗಾಡದೆ ನಿಲ್ಲಬೇಕು. ಕ್ಲಚ್ ಟ್ಯೂನಿಂಗ್ ಎಂದರೆ ಇಷ್ಟೇ. ಹೇಳುವುದಕ್ಕೆ ಒಂದು ವಾಕ್ಯ, ಮಾಡುವುದಕ್ಕೆ ಒಂದು ಚಳಿಗಾಲ. ಸುತ್ತು ಹೆಚ್ಚಾದರೆ ತೂಕ ಸೇರಿಸಬೇಕು, ಕಡಿಮೆಯಾದರೆ ತೆಗೆಯಬೇಕು. ಮೂರು ತೂಕಗಳಲ್ಲೂ ಒಂದೊಂದು ಗ್ರಾಂ ವ್ಯತ್ಯಾಸಕ್ಕೆ ಅಂದಾಜು ನೂರು, ನೂರೈವತ್ತು ಸುತ್ತುಗಳು ಆಚೀಚೆ ಆಗುತ್ತವೆ. ಸ್ಕೀ-ಡೂ ಗಾಡಿಗಳ ಕ್ಲಚ್ಚಿನಲ್ಲಿ ತೂಕ ಮುಟ್ಟದೆಯೇ, ಹೊರಗಿನಿಂದ ತಿರುಗಿಸುವ ಒಂದರಿಂದ ಆರರವರೆಗಿನ ಗುರುತುಗಳಿವೆ. ಒಂದು ಗುರುತಿಗೆ ಹೆಚ್ಚುಕಡಿಮೆ ಇನ್ನೂರು ಸುತ್ತು. ಸ್ಪ್ರಿಂಗಿನ ಮೊದಲ ಬಲ ಗಾಡಿ ಎಷ್ಟು ಸುತ್ತಿನಲ್ಲಿ ಹೊರಡಬೇಕು ಎನ್ನುವುದನ್ನು ತೀರ್ಮಾನಿಸುತ್ತದೆ, ಕೊನೆಯ ಬಲ ವೇಗದ ತುದಿಯಲ್ಲಿ ಸುತ್ತು ಎಷ್ಟಿರಬೇಕು ಎನ್ನುವುದನ್ನು.

ಎರಡನೇ ಪುಲ್ಲಿಯನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಅದರೊಳಗೆ ಹೆಲಿಕ್ಸ್ ಎಂಬ ಓರೆ ಮುಖದ ಉಂಗುರವಿದೆ, ಜೊತೆಗೊಂದು ತಿರುಚು ಸ್ಪ್ರಿಂಗ್. ಹೆಲಿಕ್ಸಿನ ಕೋನ ಕಡಿದಾಗಿದ್ದರೆ ಗಾಡಿ ಬೇಗ ಮೇಲಿನ ಅನುಪಾತಕ್ಕೆ ಜಿಗಿಯುತ್ತದೆ, ಇಂಜಿನ್ನಿನ ಮೇಲೆ ಭಾರ ಹೆಚ್ಚುತ್ತದೆ. ಕೋನ ಸಣ್ಣದಿದ್ದರೆ ಏರುವುದು ನಿಧಾನ, ಆದರೆ ತಿರುವಿನಲ್ಲಿ ಆಕ್ಸಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಬೆಲ್ಟ್ ಕೂಡಲೇ ಕೆಳಗಿಳಿದು ಇಂಜಿನ್ನನ್ನು ಅದರ ಶಕ್ತಿಯ ಸುತ್ತಿಗೆ ಮರಳಿಸುತ್ತದೆ. ಹರವು ಕಿರಿದಾದ ಪೈಪ್ ಹಾಕಿದವರಿಗೆ ಈ ಮರಳುವಿಕೆ ಬಹಳ ಮುಖ್ಯ. ಕಂಪನಿಯ ಪೈಪ್ ಏಳು ಸಾವಿರ ಸುತ್ತಿನಲ್ಲೂ ಗಾಡಿ ಎಳೆಯುತ್ತಿತ್ತು, ಹೊಸದು ಅಲ್ಲಿ ಸತ್ತಂತೆ ಬಿದ್ದಿರುತ್ತದೆ. ಓಲಾವ್ ಆನ್ ಎಂಬವರು ಕ್ಲಚ್ ಟ್ಯೂನಿಂಗಿಗೇ ಮೀಸಲಾಗಿ ಕೈಪಿಡಿಯೊಂದನ್ನು ಬರೆದಿದ್ದಾರೆ. ಅಲ್ಲಿನ ಗ್ಯಾರೇಜುಗಳಲ್ಲಿ ಅದಕ್ಕೆ ಇಂದಿಗೂ ಮರ್ಯಾದೆಯಿದೆ.

ಬೆಲ್ಟ್ ಜಾರುತ್ತಿದೆಯೇ ಎಂದು ತಿಳಿಯಲು ಅಲ್ಲಿನ ಮೆಕ್ಯಾನಿಕ್‌ಗಳು ಮಾಡುವ ಪರೀಕ್ಷೆ ನನಗೆ ಇಷ್ಟ. ಗಟ್ಟಿಯಾಗಿ ಒಂದು ಓಟ ಓಡಿಸಿ, ಇಂಜಿನ್ ನಿಲ್ಲಿಸಿ, ಮುಸುಕು ತೆರೆದು, ಎರಡೂ ಪುಲ್ಲಿಗಳ ಮೇಲೆ ಅಂಗೈ ಇಡುತ್ತಾರೆ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಇಂಜಿನ್ ದುಡಿದದ್ದು ಟ್ರ್ಯಾಕಿಗೆ ಹೋಗದೆ ಬೆಲ್ಟ್ ಕಾಯಿಸುವುದಕ್ಕೆ ಹೋಗಿದೆ. ಯಾವ ಪುಲ್ಲಿ ಹೆಚ್ಚು ಬಿಸಿ ಎನ್ನುವುದು ತಪ್ಪು ಎಲ್ಲಿದೆ ಎನ್ನುವುದರ ಸುಳಿವು.

ಮೂರೂ ಸಂಗತಿ ಒಟ್ಟಿಗೆ ಬಂದಾಗ ಆಗುವ ಗೋಜಲನ್ನು ಈಗ ನೋಡಿ. ಭಯಕ್ಕೆ ಬಿದ್ದು ಒಬ್ಬ ಬಹಳ ದೊಡ್ಡ ಜೆಟ್ ಹಾಕಿದ. ಪೈಪ್ ತಂಪಾಯಿತು, ಶಕ್ತಿಯ ತುದಿ ಕೆಳಗಿನ ಸುತ್ತಿಗೆ ಇಳಿಯಿತು, ಶಕ್ತಿಯೂ ಕುಂದಿತು. ಮುಳ್ಳು 7,900ರಲ್ಲಿ ನಿಂತಿದೆ. ಪೈಪ್ ಕಂಪನಿ ಹೇಳಿದ್ದು 8,300. ಸರಿ, ಕ್ಲಚ್ಚಿನಿಂದ ಮೂರು ಗ್ರಾಂ ತೂಕ ತೆಗೆದ. ಮುಳ್ಳು 8,300ಕ್ಕೆ ಏರಿತು. ಆದರೆ ತಂಪಾದ ಪೈಪಿನ ಶಕ್ತಿ ಅಲ್ಲಿಲ್ಲ, ಗಾಡಿ ಮೊದಲಿಗಿಂತ ನಿಧಾನ. ಜೆಟ್ ದೊಡ್ಡದಾಯಿತು ಎಂದು ಈಗ ಸಣ್ಣದು ಹಾಕಿದ. ಪೈಪ್ ಕಾಯಿತು, ಶಕ್ತಿ ಬಂತು, ಹಗುರ ತೂಕಗಳಿಗೆ ಆ ಶಕ್ತಿಯನ್ನು ಹಿಡಿದಿಡಲಾಗದೆ ಮುಳ್ಳು 8,700 ದಾಟಿತು. ತುದಿ ದಾಟಿದ ಮೇಲೆ ಟೂ ಸ್ಟ್ರೋಕ್ ಶಕ್ತಿ ಕಡಿದಾಗಿ ಬೀಳುತ್ತದೆ. ಪೈಪೇ ಕೆಟ್ಟದ್ದು ಎಂದು ತೀರ್ಮಾನಿಸಿ ಅರ್ಧ ಬೆಲೆಗೆ ಮಾರಿದ. ಅವನು ಮಾಡಿದ ಒಂದೊಂದು ತಿದ್ದುಪಡಿಯೂ ಬಿಡಿಯಾಗಿ ನೋಡಿದರೆ ತರ್ಕಬದ್ಧವೇ ಆಗಿತ್ತು.

ಇದರಿಂದ ಪಾರಾಗಲು ಬೇಕಾದದ್ದು ಕ್ರಮ. ಮೊದಲು ಇಂಜಿನ್ ಆರೋಗ್ಯವಾಗಿದೆಯೇ ನೋಡಬೇಕು. ಕಂಪ್ರೆಷನ್ ಎಲ್ಲ ಸಿಲಿಂಡರಿನಲ್ಲೂ ಸಮವಿದೆಯೇ, ಕಾರ್ಬುರೇಟರ್ ಕೂತಿರುವ ರಬ್ಬರ್ ಎಲ್ಲಾದರೂ ಸೀಳಿದೆಯೇ. ಸೀಳಿದ ರಬ್ಬರಿನಿಂದ ಕಳ್ಳಗಾಳಿ ನುಗ್ಗುವ ಇಂಜಿನ್ನಿಗೆ ಯಾವ ಜೆಟ್ಟೂ ಸರಿಹೋಗದು. ಆಮೇಲೆ ಪೈಪ್ ಮಾಡಿದವರು ಹೇಳಿದ ಜೆಟ್ಟಿಗಿಂತ ಒಂದೆರಡು ಸಂಖ್ಯೆ ದೊಡ್ಡದು ಹಾಕಿ, ಪಿಸ್ಟನ್ ಸುರಕ್ಷಿತ ಎಂದು ಪ್ಲಗ್ ನೋಡಿ ಖಚಿತಮಾಡಿಕೊಳ್ಳಬೇಕು. ಆ ಸ್ಥಿತಿಯಲ್ಲಿ ಕ್ಲಚ್ಚನ್ನು ಪೈಪಿನ ಆರ್‌ಪಿಎಂ ಹತ್ತಿರಕ್ಕೆ ತರಬೇಕು, ನಿಖರತೆಗೆ ಹಟ ಹಿಡಿಯದೆ. ಅಲ್ಲಿಂದ ಮುಂದೆ ಜೆಟ್ ಒಂದು ಸಂಖ್ಯೆ ಇಳಿಸುವುದು, ಪೈಪ್ ಪೂರ್ತಿ ಕಾಯುವವರೆಗೆ ಓಡಿಸುವುದು, ಮುಳ್ಳು ನೋಡುವುದು, ಬೇಕಿದ್ದರೆ ಅರ್ಧ ಗ್ರಾಂ ಸೇರಿಸುವುದು, ಮತ್ತೆ ಪ್ಲಗ್ ನೋಡುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೇನ್ ಜೆಟ್ ಮತ್ತು ಕ್ಲಚ್ ಒಪ್ಪಿದ ಮೇಲೆ ನೀಡಲ್, ಕೊನೆಗೆ ಪೈಲಟ್. ನಿಜವಾದ ತುದಿ ಎಲ್ಲಿದೆ ಎಂದು ಟ್ಯಾಕೋಮೀಟರ್ ಹೇಳಲಾರದು. ಅದಕ್ಕೆ ಬದಲಾವಣೆ ಮಾಡದ ಇನ್ನೊಂದು ಗಾಡಿಯನ್ನು ಪಕ್ಕದಲ್ಲಿ ಓಡಿಸಿ ಎಷ್ಟು ದೂರ ಮುಂದಾಯಿತು ಎಂದು ಅಳೆಯುವುದೇ ದಾರಿ. ಅದೇ ದಿನ, ಅದೇ ಹಿಮ, ಅದೇ ಗಾಳಿ. ಉಷ್ಣತೆ, ಎತ್ತರ, ಜೆಟ್, ತೂಕ, ಮುಳ್ಳು ನಿಂತ ಜಾಗ, ಪ್ಲಗ್ಗಿನ ಬಣ್ಣ ಇಷ್ಟನ್ನೂ ಪುಸ್ತಕದಲ್ಲಿ ಬರೆದಿಟ್ಟವನಿಗೆ ಮುಂದಿನ ವರ್ಷದ ಕೆಲಸ ಅರ್ಧ ಮುಗಿದಿರುತ್ತದೆ.

ಪೈಪ್ ಎಷ್ಟು ಕಾಯುತ್ತದೆ ಎನ್ನುವುದು ಓಡಿಸುವ ನೆಲವನ್ನೂ ಅವಲಂಬಿಸಿದೆ. ಸರೋವರದ ಮೇಲಿನ ಸಣ್ಣ ಪಂದ್ಯದಲ್ಲಿ ಕೆಲವೇ ಸೆಕೆಂಡುಗಳ ಓಟ, ಪೈಪ್ ಕಾಯುವಷ್ಟರಲ್ಲಿ ಮುಗಿದಿರುತ್ತದೆ. ಸೊಂಟದೆತ್ತರದ ಪುಡಿಹಿಮದಲ್ಲಿ ಬೆಟ್ಟ ಹತ್ತುವ ಗಾಡಿಯ ಪೈಪ್ ನಿಮಿಷಗಟ್ಟಲೆ ಪೂರ್ತಿ ಭಾರದಲ್ಲಿ ಬೇಯುತ್ತದೆ. ಮೊದಲಿನವನ ಜೆಟ್ಟು-ಕ್ಲಚ್ಚುಗಳನ್ನು ಎರಡನೆಯವನು ನಕಲು ಮಾಡಿದರೆ ಬೆಟ್ಟದ ಅರ್ಧದಲ್ಲೇ ಪಿಸ್ಟನ್ ಹಿಡಿಯುತ್ತದೆ. ಆದ್ದರಿಂದ ಪಂದ್ಯಗಾರನ ಸಂಖ್ಯೆ ಕೇಳುವ ಮೊದಲು ಅವನು ಎಲ್ಲಿ ಓಡಿಸುತ್ತಾನೆ ಎಂದು ಕೇಳಬೇಕು. ದಿನನಿತ್ಯ ಓಡಿಸುವವರಿಗೆ ನನ್ನ ಸಲಹೆ ಒಂದೇ. ಆ ಸೀಮೆಯ ಅತಿ ತಣ್ಣನೆಯ ಬೆಳಗಿಗೆ ಸಾಲುವ ಜೆಟ್ ಇಟ್ಟುಕೊಳ್ಳಿ, ಮಧ್ಯಾಹ್ನ ತುಸು ಮಂದವಾಗಿ ಓಡಿದರೆ ಓಡಲಿ. ಊರಿನಿಂದ ಐವತ್ತು ಕಿಲೋಮೀಟರ್ ದೂರದ ಕಾಡಿನಲ್ಲಿ, ಮೈನಸ್ 30ರಲ್ಲಿ, ಕತ್ತಲಾಗುವ ಹೊತ್ತಿಗೆ ಸುಟ್ಟ ಪಿಸ್ಟನ್ ಎಂದರೆ ಜೀವಕ್ಕೆ ಸಂಚಕಾರ.

ಸದ್ದಿನ ವಿಷಯ ಹೇಳದಿದ್ದರೆ ತಪ್ಪಾದೀತು. ಪೂರ್ತಿ ಆಕ್ಸಲರೇಟರಿನಲ್ಲಿ 50 ಅಡಿ ದೂರದಿಂದ ಅಳೆದಾಗ 78 ಡೆಸಿಬಲ್ ಮೀರಬಾರದು ಎಂಬ ಕಟ್ಟಳೆಗೆ ಅಲ್ಲಿನ ತಯಾರಕರು 1975ರಿಂದ ಬದ್ಧರಾಗಿದ್ದಾರೆ. ಹೊರಗಿನ ಪೈಪುಗಳಲ್ಲಿ ಎಷ್ಟೋ ಇದನ್ನು ಮೀರುತ್ತವೆ. ಹಿಮದ ದಾರಿಗಳು ಬಹುಪಾಲು ಹಾದುಹೋಗುವುದು ರೈತರ, ಜಮೀನುದಾರರ ಖಾಸಗಿ ನೆಲದ ಮೇಲೆ, ಅವರು ಒಪ್ಪಿ ಬಿಟ್ಟ ಜಾಗದಲ್ಲಿ. ಕಿವಿಗಡಚಿಕ್ಕುವ ಪೈಪುಗಳಿಗೆ ಬೇಸತ್ತು ಆ ಒಪ್ಪಿಗೆ ಹಿಂದಕ್ಕೆ ಪಡೆದವರಿದ್ದಾರೆ. ಒಬ್ಬನ ಮೋಜಿಗೆ ಇಡೀ ಊರಿನ ದಾರಿ ಮುಚ್ಚಿದ ಉದಾಹರಣೆಗಳಿವೆ. ಶಕ್ತಿ ಹುಟ್ಟುವುದು ಪೈಪಿನ ಹೊಟ್ಟೆಯಲ್ಲಿ. ಅದರ ಆಚೆಗಿರುವ ಸೈಲೆನ್ಸರನ್ನು ಚೆನ್ನಾಗಿ ಮಾಡಿದರೆ ಸದ್ದು ಇಳಿಸಿಯೂ ಶಕ್ತಿ ಉಳಿಸಿಕೊಳ್ಳಬಹುದು. ಸದ್ದನ್ನೇ ವೇಗ ಎಂದು ತಿಳಿಯುವವರು ಮೀಟರಿಟ್ಟು ಒಮ್ಮೆ ಅಳೆದು ನೋಡಲಿ.

2000ರ ದಶಕದಿಂದೀಚೆಗೆ ಜೆಟ್ಟಿನ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿದೆ. ಸ್ಕೀ-ಡೂ ಕಂಪನಿಯ 2009ರ ಮಾದರಿಯಲ್ಲಿ ಬಂದ ಇ-ಟೆಕ್ ಇಂಜಿನ್, ಹೊಗೆಕಿಂಡಿಯಿಂದ ಪೆಟ್ರೋಲು ಜಾರುವ ಹಳೆಯ ರೋಗಕ್ಕೇ ಕೈಹಾಕಿ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುತ್ತದೆ. ಗಾಳಿಯ ಉಷ್ಣತೆ, ಒತ್ತಡಗಳನ್ನು ಸೆನ್ಸರುಗಳೇ ಓದುತ್ತವೆ. ಕೆಲವು ಇಂಜಿನ್‌ಗಳಲ್ಲಂತೂ ಪೈಪಿನ ಬಿಸಿಯನ್ನೇ ಅಳೆದು ಅದಕ್ಕೆ ತಕ್ಕಂತೆ ಕಿಡಿಯ ಹೊತ್ತನ್ನು ಹಿಂದುಮುಂದು ಮಾಡುವ ಏರ್ಪಾಡಿದೆ. ಹಳಬರು ಪ್ಲಗ್ ಬಿಚ್ಚಿ ಊಹಿಸುತ್ತಿದ್ದುದನ್ನು ಈಗ ತಂತಿಯೊಂದು ಹೇಳುತ್ತದೆ. ಆದರೆ ಕ್ಲಚ್ಚಿಗೆ ಕಂಪ್ಯೂಟರಿನ ಕೈ ಇನ್ನೂ ಅಷ್ಟಾಗಿ ತಲುಪಿಲ್ಲ. ಮಿನೆಸೋಟದ ಬಯಲಿನಿಂದ ಟ್ರೇಲರಿನಲ್ಲಿ ಹೊಚ್ಚಹೊಸ ಗಾಡಿ ಹೇರಿಕೊಂಡು ಮೊಂಟಾನಾದ ಕುಕ್ ಸಿಟಿಗೆ, 2,300 ಮೀಟರ್ ಎತ್ತರಕ್ಕೆ ಹೊರಟವನು ಜೆಟ್ಟಿನ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋಗಬಹುದು. ಐದನೇ ಒಂದು ಭಾಗ ತೆಳುವಾದ ಅಲ್ಲಿನ ಗಾಳಿಯಲ್ಲಿ ಇಂಜಿನ್ ಕಳೆದುಕೊಳ್ಳುವ ಶಕ್ತಿಗೆ ತಕ್ಕಂತೆ ಕ್ಲಚ್ಚಿನ ತೂಕ ಇಳಿಸಲು ಮಾತ್ರ ಹಗುರ ತೂಕಗಳ ಒಂದು ಜೊತೆಯನ್ನು, ಅವನ್ನು ಬಿಚ್ಚುವ ಟೂಲನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಬೇಕು.